ಸ್ಲೋ ಅಂದ್ರೆ ಒಳ್ಳೆ ಸಿನಿಮಾ ಅಂತಾನಾ? ಇತ್ತೀಚೆಗೆ ಏನು ನೋಡಿದ್ರಿ, ಹೇಗನ್ನಿಸ್ತು ಹೇಳಿ

ಅರೆನಿದ್ದೆ:

ಎಲ್ರಿಗೂ ನಮಸ್ಕಾರ. ನಾನೇನು ಸಿನಿಮಾ ಪಂಡಿತ ಅಲ್ಲ, ರಾತ್ರಿ ಕೆಲಸ ಎಲ್ಲ ಮುಗಿದ್ಮೇಲೆ ಯಾವುದೋ ಒಂದು ಹಾಕ್ಕೊಂಡು ಕೂರೋ ಪೈಕಿ. ಮೊನ್ನೆ ಪರ್ಫೆಕ್ಟ್ ಡೇಸ್ ನೋಡಿದೆ. 2023ರದ್ದು, ವಿಮ್ ವೆಂಡರ್ಸ್ ಅನ್ನೋ ಜರ್ಮನ್ ಡೈರೆಕ್ಟರ್ ಟೋಕಿಯೋಗೆ ಹೋಗಿ ಜಪಾನೀಸ್‌ನಲ್ಲೇ ಮಾಡಿರೋ ಸಿನಿಮಾ. ಯಾರನ್ನ ಕೇಳಿದ್ರೂ ಅಬ್ಬಾ ಮಾಸ್ಟರ್‌ಪೀಸು, ನೋಡಿದ್ಮೇಲೆ ಮಾತೇ ಹೊರಡ್ಲಿಲ್ಲ ಅಂತೆಲ್ಲ ಹೇಳಿದ್ರು ಅಂತ ನಾನೂ ಲೈಟ್ ಆಫ್ ಮಾಡಿ ಫೋನ್ ಆಚೆ ರೂಮಲ್ಲಿಟ್ಟು ಭಕ್ತಿಯಿಂದ ಕೂತೆ.

ಕತೆ ಏನಪ್ಪಾ ಅಂದ್ರೆ ಹಿರಾಯಾಮ ಅಂತ ಒಬ್ರು, ಪಬ್ಲಿಕ್ ಟಾಯ್ಲೆಟ್ ತೊಳೆಯೋ ಕೆಲಸ. ಬೆಳಿಗ್ಗೆ ಏಳ್ತಾರೆ, ಹಾಸಿಗೆ ಮಡಚಿಡ್ತಾರೆ, ಮೀಸೆ ಟ್ರಿಮ್ ಮಾಡ್ಕೋತಾರೆ, ಗಿಡಗಳಿಗೆ ನೀರು ಚಿಮುಕಿಸ್ತಾರೆ, ವ್ಯಾನ್ ಹತ್ತಿ ಕ್ಯಾಸೆಟ್ ಹಾಕ್ಕೊಂಡು ಹೊರಡ್ತಾರೆ. ತೊಳೀತಾರೆ. ಮಧ್ಯಾಹ್ನ ಮರದ ಕೆಳಗೆ ಕೂತು ಎಲೆ ಸಂದಿಯಿಂದ ಬರೋ ಬೆಳಕಿನ ಫೋಟೋ ತೆಗೀತಾರೆ. ರಾತ್ರಿ ಪುಸ್ತಕ ಓದಿ ಮಲಗ್ತಾರೆ. ಬೆಳಗಾಗುತ್ತೆ, ಮತ್ತೆ ಹಾಸಿಗೆ, ಮೀಸೆ, ಗಿಡ, ವ್ಯಾನು. ಎರಡು ಗಂಟೆಗೆ ಸ್ವಲ್ಪ ಜಾಸ್ತಿ ಸಿನಿಮಾ, ಒಂದು ಗಂಟೆ ಆದ್ಮೇಲೂ ಅಯ್ಯೋ ಈಗಾದ್ರೂ ಏನಾದ್ರೂ ಆಗುತ್ತೇನೋ ಅಂತ ಕಾಯ್ತಾನೇ ಇದ್ದೆ. ಆ ಆಕ್ಟರ್, ಕೋಜಿ ಯಾಕುಶೋ, ಚೆನ್ನಾಗಿ ಮಾಡಿದಾರೆ ಅದರಲ್ಲಿ ಎರಡು ಮಾತಿಲ್ಲ, ಕಾನ್ ಫಿಲ್ಮ್ ಫೆಸ್ಟಿವಲ್‌ನಲ್ಲಿ ಬೆಸ್ಟ್ ಆಕ್ಟರ್ ಕೂಡ ಸಿಕ್ಕಿದೆ. ಆದ್ರೆ ಸಿನಿಮಾ ಅಂತ ನೋಡಿದ್ರೆ ಅರ್ಧ ಗಂಟೆಯಲ್ಲಿ ಮುಗಿಸಬಹುದಾಗಿದ್ದನ್ನ ಎಳೆದಿದಾರೆ ಅನ್ನಿಸ್ತು ನಂಗೆ.

ಈಗ ನನ್ನ ಪ್ರಶ್ನೆ. ನಿಧಾನ ಇದ್ರೆ ಸಾಕು ಅದು ಆಳವಾಗಿದೆ ಅಂತ ಒಪ್ಕೊಂಡು ಬಿಡ್ತೀವಾ ನಾವು? ನೀವು ಇತ್ತೀಚೆಗೆ ನೋಡಿದ್ರಲ್ಲಿ ಸ್ಲೋ ಆಗಿದ್ರೂ ಕೂರಿಸಿದ್ದು ಯಾವುದು, ಹೈಪ್ ನಂಬಿ ಹೋಗಿ ಆಕಳಿಸಿದ್ದು ಯಾವುದು? ಯಾವ ಭಾಷೆ ಆದ್ರೂ ಪರ್ವಾಗಿಲ್ಲ. ಸ್ಪಾಯ್ಲರ್ ಮಾತ್ರ ಬೇಡ ದಯವಿಟ್ಟು.

ಗಾಂಧಿಕ್ಲಾಸ್:

ಗುರೂ ನೀನು ಬರೆದಿರೋದನ್ನ ಓದೋವಾಗ್ಲೇ ನಂಗೆ ಆಕಳಿಕೆ ಬಂತು 😂 ನಾನಂತೂ ಟ್ರೈಲರ್ ನೋಡಿನೇ ಕೈ ಮುಗಿದೆ.

ಆದ್ರೆ ಒಂದು ಹೇಳ್ತೀನಿ, ಸ್ಪೀಡಿಗೂ ಬೋರಿಗೂ ಸಂಬಂಧ ಇಲ್ಲ. ಓಪನ್‌ಹೈಮರ್ ತಗೋ, ಮೂರು ಗಂಟೆ, ಬಹುತೇಕ ಕೋಟು ಹಾಕ್ಕೊಂಡಿರೋ ಗಂಡಸರು ರೂಮಲ್ಲಿ ಕೂತು ಮಾತಾಡೋದೇ. ಫೈಟಿಲ್ಲ, ಚೇಸಿಲ್ಲ. ಆದ್ರೂ ಥಿಯೇಟರಲ್ಲಿ ಎದ್ದು ಹೋಗೋಕೆ ಮನಸ್ಸು ಬರ್ಲಿಲ್ಲ ನಂಗೆ, ಯಾಕಂದ್ರೆ ಪ್ರತಿ ಸೀನೂ ಮುಂದಿಂದಕ್ಕೆ ತಳ್ಕೊಂಡು ಹೋಗುತ್ತೆ. ಬಾಂಬ್ ಟೆಸ್ಟ್ ಆಗೋ ಸೀನಲ್ಲಿ ಬೆಳಕು ಬಂದು ಸೌಂಡ್ ಬರೋಕೆ ಅಷ್ಟೊತ್ತು ಬಿಡ್ತಾನಲ್ಲ ಡೈರೆಕ್ಟರ್ ನೋಲನ್ನು, ಇಡೀ ಹಾಲ್ ಉಸಿರು ಹಿಡ್ಕೊಂಡಿತ್ತು. ಬೆಳಕು ಮೊದಲು ಬರುತ್ತೆ ಸದ್ದು ಆಮೇಲೆ ಬರುತ್ತೆ ಅನ್ನೋದು ಸ್ಕೂಲಲ್ಲಿ ಓದಿದ ವಿಷಯ, ಅದನ್ನೇ ಇಟ್ಕೊಂಡು ಹೆದರಿಸಿಬಿಟ್ಟ. ಅದು ನಿಧಾನ ಅಂದ್ರೆ.

ಹೈಪ್ ನಂಬಿ ಹೋಗಿ ಕೂತಿದ್ದು ಮೆಯ್ಯಳಗನ್. 2024ರ ತಮಿಳು, 96 ಅನ್ನೋ ಸಿನಿಮಾ ಮಾಡಿದ ಪ್ರೇಮ್ ಕುಮಾರ್‌ದೇ. ಅರವಿಂದ್ ಸ್ವಾಮಿ ವರ್ಷಾನುಗಟ್ಟಲೆ ಆದ್ಮೇಲೆ ಊರಿಗೆ ಮದುವೆಗೆ ಬರ್ತಾರೆ, ಕಾರ್ತಿ ಬಂದು ತಬ್ಕೋತಾರೆ, ಇವರಿಗೆ ಅವನು ಯಾರು ಅಂತಾನೇ ನೆನಪಿಲ್ಲ, ಹೆಸರು ಕೇಳೋಕೂ ಆಗಲ್ಲ. ಐಡಿಯಾ ಸೂಪರ್. ಆದ್ರೆ ಸೆಕೆಂಡ್ ಹಾಫ್ ರಾತ್ರಿ ಮಾತಾಡ್ತಾರೆ ಮಾತಾಡ್ತಾರೆ ಮಾತಾಡ್ತಾನೇ ಇರ್ತಾರೆ. ರಿಲೀಸ್ ಆದ್ಮೇಲೆ ಅವರೇ ಹದಿನೆಂಟು ನಿಮಿಷದಷ್ಟು ಕಟ್ ಮಾಡಿದ್ರು ಗೊತ್ತಾ? ಅಲ್ಲಿಗೆ ಮುಗೀತಲ್ಲ ವಾದ.

ಮಳೆಹನಿ:

@ಗಾಂಧಿಕ್ಲಾಸ್ ಕಟ್ ಮಾಡಿದ್ರು ಅಂದ್ರೆ ಉದ್ದ ಆಗಿತ್ತು ಅಂತ ಪ್ರೂವ್ ಆಯ್ತಾ? ಜನ ಫೋನ್ ತೆಗೆದ್ರು ಅಂತ ಭಯ ಬಿದ್ದು ಕಟ್ ಮಾಡಿದ್ರು ಅಂತಾನೂ ಆಗಬಹುದಲ್ವಾ. ನಂಗೆ ಆ ಹೆಸರು ನೆನಪಾಗದೇ ಒದ್ದಾಡೋದು ಸಿನಿಮಾ ಪೂರ್ತಿ ಹಿಡಿದಿಟ್ಟಿತ್ತು. ಅವನು ಅಷ್ಟು ಪ್ರೀತಿ ಸುರೀತಾ ಇದ್ರೆ ಈ ಮನುಷ್ಯನಿಗೆ ನಾಚಿಕೆ ಜಾಸ್ತಿ ಆಗ್ತಾ ಹೋಗುತ್ತೆ, ಅದಕ್ಕೆ ಟೈಮ್ ಬೇಕು ರೀ, ಐದು ನಿಮಿಷದಲ್ಲಿ ಆಗೋದಲ್ಲ.

@ಅರೆನಿದ್ದೆ ಪರ್ಫೆಕ್ಟ್ ಡೇಸಲ್ಲಿ ಏನೂ ಆಗಲ್ಲ ಅಂದ್ರಲ್ಲ, ಬೇಜಾರು ಮಾಡ್ಕೋಬೇಡಿ, ಆದ್ರೆ ತುಂಬಾ ಆಗುತ್ತೆ. ಟಾಯ್ಲೆಟ್ ಸಂದಿಯಲ್ಲಿ ಒಂದು ಚೀಟಿ ಸಿಗುತ್ತಲ್ಲ, ಸೊನ್ನೆ ಇಂಟು ಆಟದ್ದು, ಯಾರೋ ಒಂದು ಮನೆ ತುಂಬಿಸಿ ಇಟ್ಟಿರ್ತಾರೆ. ಮೊದಲು ಅದನ್ನ ಕಸಕ್ಕೆ ಹಾಕೋಕೆ ಹೊರಟವನು ತಾನೂ ಒಂದು ಗುರುತು ಹಾಕಿ ಅಲ್ಲೇ ವಾಪಸ್ ಇಡ್ತಾನೆ. ದಿನಾ ಒಂದೊಂದೇ ಗುರುತು. ಮುಖ ನೋಡಿಲ್ಲ, ಹೆಸರು ಗೊತ್ತಿಲ್ಲ, ಆದ್ರೂ ಇಬ್ಬರೂ ಆಟ ಮುಗಿಸ್ತಾರೆ. ಸಿನಿಮಾ ಅದನ್ನ ದೊಡ್ಡದು ಮಾಡಿ ತೋರ್ಸಲ್ಲ, ಮ್ಯೂಸಿಕ್ ಏರ್ಸಲ್ಲ, ಸುಮ್ನೆ ಮುಂದಕ್ಕೆ ಹೋಗುತ್ತೆ. ಫೋನ್ ಆಚೆ ಇಟ್ಟಿದ್ರಿ ಅಂತೀರಿ, ಸರಿ, ಆದ್ರೆ "ಏನಾದ್ರೂ ಆಗುತ್ತೆ" ಅಂತ ಕಾಯ್ತಾ ಇದ್ರೆ ಆಗ್ತಿರೋದು ಕಾಣಲ್ಲ.

ಇನ್ನೊಂದು, ದಿನಗಳು ಒಂದೇ ಥರ ಅಲ್ವೇ ಅಲ್ಲ. ಜೊತೆಗಿದ್ದ ಹುಡುಗ ಫೋನಲ್ಲೇ ಕೆಲಸ ಬಿಟ್ಟೆ ಅಂದಾಗ ಅವನ ಪಾಲಿಂದೂ ಇವರ ಮೇಲೇ ಬೀಳುತ್ತಲ್ಲ, ಆವತ್ತು ರಾತ್ರಿ ಆಫೀಸಿಗೆ ಫೋನ್ ಮಾಡಿ ಕಿರುಚ್ತಾರೆ, ದಿನಾ ಹಿಂಗೆ ಆಗಲ್ಲ ಅಂತ. ಅಲ್ಲೀವರೆಗೂ ದನಿ ಏರಿಸದ ಮನುಷ್ಯ! ಮೊದಲಿನ ದಿನಗಳನ್ನ ಅಷ್ಟು ಉದ್ದ ತೋರಿಸದೇ ಇದ್ದಿದ್ರೆ ಆ ಕಿರುಚಾಟಕ್ಕೆ ನಾವು ಬೆಚ್ಚಿ ಬೀಳ್ತಾನೇ ಇರ್ಲಿಲ್ಲ. ತಂಗಿ ಕಾರಲ್ಲಿ ಬರೋ ಸೀನ್ ಬಗ್ಗೆ ನಾನು ಮಾತಾಡಲ್ಲ, ಇಲ್ಲಿ ನೋಡದೇ ಇರೋರು ಇದಾರೆ.

ಲಾಸ್ಟ್‌ರೋ:

1.5 ಸ್ಪೀಡಲ್ಲಿ ನೋಡಿ, ಎಲ್ಲಾ ಸಿನಿಮಾನೂ ಚೆನ್ನಾಗಿರುತ್ತೆ. ನಾನು ಈಗ ಹಂಗೇ ನೋಡೋದು.

ಮಳೆಹನಿ:

@ಲಾಸ್ಟ್‌ರೋ ಹಾಡನ್ನೂ ಹಂಗೇ ಕೇಳ್ತೀರಾ? 🙂

ಲಾಸ್ಟ್‌ರೋ:

ಹಾಡು ಬಂದ್ರೆ ಸ್ಕಿಪ್ಪು.

ಬಸವನಹುಳ:

ಏನ್ ಮಂದಿನೋ ಮಾರಾಯಾ. ಹಾಡು ಸ್ಕಿಪ್ ಮಾಡಾವ್ರ ಜೋಡಿ ಸಿನಿಮಾದ ಮಾತು ಏನ್ ಮಾಡೂದು.

ಅರೆನಿದ್ದೆ ಸರ, ನಾ ಮೊನ್ನೆ ತಿಥಿ ಮತ್ತ ನೋಡಿದೆ. ಹಳೇದು, 2015ರಾಗ ಲೊಕಾರ್ನೊ ಫಿಲ್ಮ್ ಫೆಸ್ಟಿವಲ್‌ದಾಗ ಪ್ರಶಸ್ತಿ ಬಂತು, ಮರು ವರ್ಷ ಥಿಯೇಟರಿಗೆ ಬಂತು. ಅದೂ ನಿಧಾನನ ಐತಿ, ಆದ್ರ ಒಂದು ಕ್ಷಣ ಬ್ಯಾಸರ ಆಗಂಗಿಲ್ಲ ನೋಡ್ರಿ. ಸುರುವಿಗೇ ಆ ಸೆಂಚುರಿ ಗೌಡ ರಸ್ತೇದಾಗ ಕುಂತು ಹೋಗೋ ಬರೋ ಮಂದೀನೆಲ್ಲಾ ಬೈತಿರ್ತಾನ, ಒಬ್ರನ್ನೂ ಬಿಡಂಗಿಲ್ಲ, ಆಮ್ಯಾಲ ಎದ್ದು ಒಂದಕ್ಕ ಹೊಂಟಾಂವ ಅಲ್ಲೇ ಬಿದ್ದು ಸಾಯ್ತಾನ. ನಗಬೇಕೋ ಅಳಬೇಕೋ ತಿಳಿಯೂದ್ರಾಗ ಸಿನಿಮಾ ನಿಮ್ಮನ್ನ ಒಳಗ ಎಳಕೊಂಡ್ ಬಿಟ್ಟಿರ್ತೈತಿ. ನೂರಾ ಒಂದು ವರ್ಷದ ಮುದುಕ ಸತ್ತಾನ, ಮೊಮ್ಮಗಗ ಹೊಲ ಮಾರೂ ಅವಸರ, ಮಗ ಗಡ್ಡಪ್ಪಗ ಯಾವುದರ ಚಿಂತೀನೂ ಇಲ್ಲ, ತನ್ನ ಪಾಡಿಗೆ ತಾ ನಡಕೋತ ಹೊಂಟಿರ್ತಾನ. ಮರಿಮೊಮ್ಮಗ ಕುರಿ ಕಾಯೋ ಹುಡಿಗಿ ಹಿಂದ. ಎಲ್ಲಾರೂ ಆ ಊರಿನ ಮಂದಿನ, ಮೊದಲ ಆಕ್ಟಿಂಗ್ ಮಾಡಿದವ್ರಲ್ಲ. ಮಂಡ್ಯ ಕಡೆ ಮಾತು ನನಗ ಮೊದಲಿಗೆ ಅರ್ಧ ತಿಳೀಲಿಲ್ಲ, ಆದ್ರೂ ಸಬ್‌ಟೈಟಲ್ ಹಾಕಲಿಲ್ಲ ನಾ, ಹಟಾ ಹಿಡದು ಕೇಳಿದೆ.

ನನ್ನ ಪ್ರಕಾರ ಫರಕ್ ಏನಪಾ ಅಂದ್ರ, ಅಲ್ಲಿ ಪ್ರತಿಯೊಬ್ರಿಗೂ ಏನೋ ಒಂದು ಬೇಕಾಗೇತಿ. ಒಬ್ಬಗ ರೊಕ್ಕ, ಒಬ್ಬಗ ಹುಡಿಗಿ, ಗಡ್ಡಪ್ಪಗ ಯಾರೂ ತನ್ನ ತಂಟೇಕ್ಕ ಬರಬಾರದು ಅಷ್ಟ. ಬೇಕಾದ್ದು ಇದ್ರ ಸಿಗತೈತೋ ಇಲ್ಲೋ ಅಂತ ನಾವು ನೋಡತೇವಿ. ನಿಮ್ಮ ಜಪಾನಿನ ಸಾಹೇಬ್ರಿಗೆ ಏನೂ ಬ್ಯಾಡಾಗೇತಿ, ಅದಕ್ಕ ನಿಮಗ ನಿದ್ದಿ ಬಂದೈತಿ.

ಅರೆನಿದ್ದೆ:

@ಬಸವನಹುಳ ಇದು ಪಾಯಿಂಟು. ಏನೂ ಬೇಡದೇ ಇರೋ ಮನುಷ್ಯನ ಜೊತೆ ಎರಡು ಗಂಟೆ ಕೂರೋದು ಕಷ್ಟ.

@ಮಳೆಹನಿ ಚೀಟಿ ಆಟ ನಂಗೂ ಇಷ್ಟ ಆಯ್ತು ರೀ, ಅದನ್ನ ನಾನು ಗಮನಿಸಿಲ್ಲ ಅಂತಲ್ಲ. ಅಂಥ ಸೀನು ಕೈಬೆರಳಲ್ಲಿ ಎಣಿಸುವಷ್ಟು, ಮಧ್ಯೆ ವ್ಯಾನ್ ಓಡೋದೇ ಜಾಸ್ತಿ ಅನ್ನೋದು ನನ್ನ ತಕರಾರು. ಮತ್ತೆ ಆ ಟಾಯ್ಲೆಟ್‌ಗಳು! ತೊಳೆಯೋಕೆ ಮುಂಚೇನೇ ಫಳಫಳ ಹೊಳೀತಿರುತ್ತೆ. ಒಂದರಲ್ಲಿ ಗಾಜಿನ ಗೋಡೆ, ಒಳಗೋಗಿ ಲಾಕ್ ಮಾಡಿದ್ರೆ ಮಸುಕಾಗುತ್ತೆ. ತೊಳೆಯೋನ ಕಷ್ಟ ತೋರಿಸ್ತೀನಿ ಅಂತ ಹೊರಟು ಒಂದು ಕಡೆನೂ ಗಲೀಜು ತೋರಿಸದೇ ಇದ್ರೆ ಹೆಂಗೆ.

ರೀಲ್‌ಡಬ್ಬ:

ಅದಕ್ಕೆ ಕಾರಣ ಇದೆ @ಅರೆನಿದ್ದೆ. ಟೋಕಿಯೋದ ಶಿಬುಯಾದಲ್ಲಿ ಹೆಸರಾಂತ ಆರ್ಕಿಟೆಕ್ಟ್‌ಗಳ ಹತ್ತಿರ ಡಿಸೈನ್ ಮಾಡಿಸಿ 17 ಪಬ್ಲಿಕ್ ಟಾಯ್ಲೆಟ್ ಕಟ್ಟಿಸಿದ್ರು, ಆ ಪ್ರಾಜೆಕ್ಟ್‌ನೋರೇ ವೆಂಡರ್ಸ್‌ನ ಕರೆಸಿ ಇದರ ಬಗ್ಗೆ ಶಾರ್ಟ್ ಫಿಲ್ಮ್ ಥರ ಏನಾದ್ರೂ ಮಾಡಿ ಅಂದಿದ್ದು. ಅವರು ಬಂದು ನೋಡಿ ಶಾರ್ಟ್ ಬೇಡ ಪೂರ್ತಿ ಸಿನಿಮಾನೇ ಮಾಡ್ತೀನಿ ಅಂದ್ರು. ಹಾಗಾಗಿ ಗಲೀಜು ಇಲ್ಲ ಅನ್ನೋ ನಿಮ್ಮ ಕಂಪ್ಲೇಂಟ್ ಸರಿಯಾಗೇ ಇದೆ, ನಂಗೂ ಅಲ್ಲಿ ಸ್ವಲ್ಪ ಬ್ರೋಷರ್ ನೋಡಿದಂಗಾಯ್ತು. ಬಡತನ ಇಷ್ಟು ನೀಟಾಗಿ, ಇಷ್ಟು ಸಮಾಧಾನವಾಗಿ ಇರುತ್ತೆ ಅಂತ ನಂಬಿಸೋದು ಸ್ವಲ್ಪ ಜಾಸ್ತಿಯಾಯ್ತು. ಆದ್ರೆ ಕೊನೇ ಶಾಟ್ ಇದೆಯಲ್ಲ, ಡ್ರೈವ್ ಮಾಡ್ತಾ ಯಾಕುಶೋ ಮುಖ ಮಾತ್ರ, ಕಟ್ಟೇ ಇಲ್ಲ, ನಗೋ ಅಳೋ ಎರಡೂ ಒಂದರ ಮೇಲೊಂದು ಹಾದು ಹೋಗುತ್ತೆ, ಅದೊಂದಕ್ಕೆ ಮಿಕ್ಕಿದ್ದೆಲ್ಲ ಮಾಫಿ.

ಆಮೇಲೆ ನಿಧಾನದ ಬಗ್ಗೆ ಮಾತು ಬಂತು ಅಂತ ಹೇಳ್ತೀನಿ, ನೀವೆಲ್ಲ ಯಾನ್ ಡೀಲ್ಮನ್ ನೋಡಬೇಕು. ಡೈರೆಕ್ಟರ್ ಶಾಂಟಾಲ್ ಆಕರ್‌ಮನ್, 1975. 201 ನಿಮಿಷ. ಒಬ್ಬ ವಿಧವೆಯ ಮೂರು ದಿನ. ಸೈಟ್ ಅಂಡ್ ಸೌಂಡ್ ಮ್ಯಾಗಜಿನ್ 2022ರಲ್ಲಿ ಕ್ರಿಟಿಕ್‌ಗಳ ಓಟಿನಲ್ಲಿ ಮಾಡಿದ ಪಟ್ಟಿಯಲ್ಲಿ ಇದೇ ನಂಬರ್ ಒನ್. ಮೊದಲ ದಿನ ಅವಳು ಎಲ್ಲಾ ಕೆಲಸ ಅಚ್ಚುಕಟ್ಟಾಗಿ ಮಾಡ್ತಾಳೆ, ಎರಡನೇ ದಿನ ಆಲೂಗಡ್ಡೆ ಜಾಸ್ತಿ ಬೆಂದು ಹೋಗುತ್ತೆ, ದುಡ್ಡಿಡೋ ಪಾತ್ರೆಯ ಮುಚ್ಚಳ ಹಾಕೋದು ಮರೀತಾಳೆ, ಅಷ್ಟೇ, ಅಷ್ಟಕ್ಕೇ ನಮ್ಮ ಎದೆ ಹೊಡ್ಕೊಳ್ಳೋಕೆ ಶುರು ಆಗುತ್ತೆ.

ಗಾಂಧಿಕ್ಲಾಸ್:

ಆಲೂಗಡ್ಡೆ ಬೆಂದಿದ್ದಕ್ಕೆ ಎದೆ ಹೊಡ್ಕೊಂಡ್ರೆ ಡಾಕ್ಟರ್‌ನ ನೋಡಿ ಸಾರ್.

201 ನಿಮಿಷ!! ಪುಣ್ಯಾತ್ಮಾ.

ರೀಲ್‌ಡಬ್ಬ:

😄 ಸರಿ ಬಿಡಿ, ನಿಮಗೆ 96 ನಿಮಿಷದ್ದು ಕೊಡ್ತೀನಿ. 12 ಆಂಗ್ರಿ ಮೆನ್, 1957. ಹೆಚ್ಚುಕಮ್ಮಿ ಪೂರ್ತಿ ಸಿನಿಮಾ ಒಂದೇ ರೂಮು, ಕೊಲೆ ಕೇಸಿನ ತೀರ್ಪು ಹೇಳೋಕೆ ಕೂತ ಹನ್ನೆರಡು ಜನ ಜ್ಯೂರಿ, ಒಂದು ಟೇಬಲ್ಲು. ಫ್ಯಾನ್ ಓಡ್ತಿಲ್ಲ, ಸೆಕೆ. ಮೊನ್ನೆ ಮತ್ತೆ ನೋಡೋವಾಗ ಕ್ಯಾಮೆರಾ ಮೇಲೆ ಕಣ್ಣಿಟ್ಟು ನೋಡಿದೆ. ಶುರುವಿನಲ್ಲಿ ಕ್ಯಾಮೆರಾ ಎಲ್ಲರ ಕಣ್ಣಿಗಿಂತ ಮೇಲಿರುತ್ತೆ, ರೂಮ್ ದೊಡ್ಡದಾಗಿ ಕಾಣುತ್ತೆ. ಜಗಳ ಏರ್ತಾ ಏರ್ತಾ ಅದು ಕೆಳಗಿಳಿಯುತ್ತೆ, ಲೆನ್ಸೂ ಉದ್ದ ಆಗ್ತಾ ಹೋಗುತ್ತೆ, ಕೊನೆಕೊನೆಗೆ ಸೀಲಿಂಗ್ ಕಾಣೋಕೆ ಶುರುವಾಗಿ ಗೋಡೆಗಳು ಮೈಮೇಲೆ ಬಂದಂಗನ್ನಿಸುತ್ತೆ. ಸಿಡ್ನಿ ಲುಮೆಟ್ ಅವರ ಮೊದಲ ಸಿನಿಮಾ ಇದು, ಇದನ್ನ ಬೇಕಂತಲೇ ಪ್ಲಾನ್ ಮಾಡಿ ಮಾಡಿದಾರೆ. ಮೊದಲ ಸಲ ನೋಡೋರಿಗೆ ಇದ್ಯಾವುದೂ ಗೊತ್ತಾಗಲ್ಲ, ಸುಮ್ನೆ ಉಸಿರು ಕಟ್ಟುತ್ತೆ ಅಷ್ಟೇ. ಆ ಚಾಕು ತೆಗೆದು ಟೇಬಲ್‌ಗೆ ಚುಚ್ಚೋ ಸೀನ್ ಬಂದಾಗ 1.5 ಸ್ಪೀಡ್‌ನೋರೂ ನಿಲ್ಲಿಸಿ ನೋಡ್ತಾರೆ.

ಲಾಸ್ಟ್‌ರೋ:

ಇದನ್ನ ನೋಡಿದೀನಿ, ನಾರ್ಮಲ್ ಸ್ಪೀಡಲ್ಲೇ. ಸೂಪರ್.

ನೀಲಿಕ್ಯಾಸೆಟ್:

ಎಲ್ಲರೂ ಹೊರಗಡೆ ಸಿನಿಮಾ ಹೇಳ್ತಿದೀರ, ಸಪ್ತ ಸಾಗರದಾಚೆ ಎಲ್ಲೋ ಬಗ್ಗೆ ಯಾರೂ ಎತ್ತೇ ಇಲ್ವಲ್ಲ? ನಾನು ಅದರ ಎರಡು ಭಾಗ, ಸೈಡ್ ಎ, ಸೈಡ್ ಬಿ ಎರಡೂ ಬೆನ್ನುಬೆನ್ನಿಗೆ ನೋಡಿದೆ ಈ ಸಲ. ಥಿಯೇಟರಿಗೆ ಬಂದಾಗ ಸೆಪ್ಟೆಂಬರ್ 2023ಕ್ಕೆ ಒಂದು, ನವೆಂಬರ್‌ಗೆ ಒಂದು ಬಂದಿತ್ತು, ಮಧ್ಯ ಎರಡೂವರೆ ತಿಂಗಳು ಗ್ಯಾಪ್ ಇದ್ದಿದ್ದಕ್ಕೆ ಆಗ ಬೇರೆ ಥರ ಕಂಡಿತ್ತು. ಸೈಡ್ ಎ ನಿಧಾನ ನಂಗೆ ಪ್ರಾಣ. ಮನು ಪ್ರಿಯಾ ಮನೆ ಕನಸು ಕಾಣೋದು, ಆ ಸಮುದ್ರದ ಹುಚ್ಚು, ಅವನು ದುಡ್ಡಿನಾಸೆಗೆ ಬೇರೆಯವರ ತಪ್ಪು ತನ್ನ ಮೇಲೆ ಹಾಕ್ಕೊಂಡು ಜೈಲಿಗೆ ಹೋಗೋದು, ಎಲ್ಲದಕ್ಕೂ ಡೈರೆಕ್ಟರ್ ಹೇಮಂತ್ ರಾವ್ ಪುರುಸೊತ್ತು ಕೊಟ್ಟಿದಾರೆ. ರುಕ್ಮಿಣಿ ವಸಂತ್ ಕಣ್ಣಲ್ಲೇ ಅರ್ಧ ಡೈಲಾಗ್ ಹೇಳಿಬಿಡ್ತಾರೆ. ಚರಣ್ ರಾಜ್ ಮ್ಯೂಸಿಕ್ ಬಗ್ಗೆ ಹೇಳೋದೇ ಬೇಡ, ಇನ್ನೂ ಕಿವಿಯಲ್ಲಿದೆ.

ಸೈಡ್ ಬಿ ಬಂದ್ರೆ ಪರದೆ ಮೇಲೆ ನೀಲಿ ಬಣ್ಣ ಹೋಗಿ ಕೆಂಪು ಬರುತ್ತೆ, ಮನು ಹತ್ತು ವರ್ಷ ಆದ್ಮೇಲೆ ಹೊರಗೆ ಬರ್ತಾನೆ, ಅಲ್ಲಿ ನಂಗೆ ಕಷ್ಟ ಆಯ್ತು. ನಿಧಾನ ಅಂತಲ್ಲ. ಅವನು ಅವಳನ್ನ ಕದ್ದು ನೋಡ್ತಾ ಹಿಂದೆ ಹಿಂದೆ ಹೋಗ್ತಾನಲ್ಲ, ಸಿನಿಮಾ ಅದನ್ನ ಪ್ರೀತಿ ಅಂತ ನನ್ನ ಹತ್ರ ಹೇಳಿಸೋಕೆ ನೋಡುತ್ತೆ, ನಂಗೆ ಹೆದರಿಕೆ ಆಗುತ್ತೆ. ನನ್ನ ತಂಗಿ ಪಕ್ಕದಲ್ಲಿ ಕೂತು ಅಳ್ತಿದ್ಲು, ಪಾಪ ಮನು ಅಂತ. ನಾನು ಪಾಪ ಪ್ರಿಯಾ ಅಂತ. ಸಿನಿಮಾ ಮುಗಿದ್ಮೇಲೂ ಜಗಳ ಮುಗೀಲಿಲ್ಲ ನಮ್ಮಿಬ್ರದು.

ಬಸವನಹುಳ:

ಪಾಪ ಪ್ರಿಯಾನ ಖರೆ. ನಿಮ್ಮ ತಂಗಿಗೆ ಹೇಳ್ರಿ, ಹತ್ತು ವರ್ಷ ಜೈಲಿನಾಗ ಇದ್ದ ಮನಸ್ಯಾ ಹಂಗ ತಲಿ ಕೆಟ್ಟಾಂವ ಆಗಿರ್ತಾನ, ಅದನ್ನ ತೋರಿಸ್ಯಾರ, ಸರಿ ಅಂತ ಹೇಳಿಲ್ಲ ಅಂತ. ಆದ್ರ ಹಿಂದಿನ ಮ್ಯೂಸಿಕ್ ಮಾತ್ರ ಅವನ ಪಾರ್ಟಿ ಹಿಡದೈತಿ ಅನ್ನೂದು ಖರೆ.

ಅರೆನಿದ್ದೆ:

ನಂದೊಂದು ಸೈಡ್ ಪ್ರಶ್ನೆ. ಇತ್ತೀಚಿನ ಸಿನಿಮಾ ಮನೇಲಿ ಟಿವಿಯಲ್ಲಿ ನೋಡಿದ್ರೆ ಮಾತೇ ಕೇಳ್ಸಲ್ಲ, ವಾಲ್ಯೂಮ್ ಜಾಸ್ತಿ ಮಾಡಿದ್ರೆ ಮುಂದಿನ ಸೀನಲ್ಲಿ ಢಂ ಅಂತ ಮನೆಮಂದಿ ಎಲ್ಲ ಎದ್ದು ಬರ್ತಾರೆ. ರಿಮೋಟ್ ಕೈಯಲ್ಲೇ ಹಿಡ್ಕೊಂಡು ನೋಡೋದಾಗಿದೆ. ನನ್ನ ಟಿವಿದಾ ಪ್ರಾಬ್ಲಮ್ಮು?

ರೀಲ್‌ಡಬ್ಬ:

ಟಿವಿ ಕೆಟ್ಟಿಲ್ಲ. ಥಿಯೇಟರ್ ಮಿಕ್ಸಲ್ಲಿ ಡೈಲಾಗ್ ಹೆಚ್ಚಾಗಿ ಮಧ್ಯದ ಸ್ಪೀಕರಿಗೆ ಅಂತ ಇರುತ್ತೆ, ಮಿಕ್ಕ ಸದ್ದು ಸುತ್ತ ಇರೋ ಸ್ಪೀಕರ್‌ಗಳಿಗೆ. ನಿಮ್ಮ ಟಿವಿಯಲ್ಲಿ ಎರಡೇ ಸ್ಪೀಕರ್, ಅದೂ ಹಿಂದೆಯೋ ಕೆಳಗೋ ತಿರುಗಿರುತ್ತೆ, ಎಲ್ಲಾನೂ ಅದರೊಳಗೇ ತುರುಕಿದಾಗ ಮಾತು ಮುಳುಗಿ ಹೋಗುತ್ತೆ. ಆಡಿಯೋ ಆಪ್ಷನ್‌ನಲ್ಲಿ 5.1 (ಅಂದ್ರೆ ಆರು ಸ್ಪೀಕರ್ ಸೆಟ್ಟಿಗೆ ಅಂತ ಇರೋದು) ಇದ್ರೆ ಅದನ್ನ ಬಿಟ್ಟು ಸ್ಟೀರಿಯೋ ಆರಿಸಿ ನೋಡಿ. ಟಿವಿ ಸೆಟ್ಟಿಂಗ್ಸಲ್ಲಿ ನೈಟ್ ಮೋಡ್ ಅಂತಲೋ ಡೈಲಾಗ್ ಜೋರು ಮಾಡೋ ಆಪ್ಷನ್ನೋ ಇರುತ್ತೆ, ಅದನ್ನ ಆನ್ ಮಾಡಿ. ಢಂ ಅನ್ನೋದು ಕಮ್ಮಿಯಾಗುತ್ತೆ, ಪಿಸುಮಾತು ಸ್ವಲ್ಪ ಮೇಲೆ ಬರುತ್ತೆ.

ಮಳೆಹನಿ:

ಇಲ್ಲಾಂದ್ರೆ ಸಬ್‌ಟೈಟಲ್ ಹಾಕ್ಕೊಳ್ಳಿ, ನಾನು ಕನ್ನಡ ಸಿನಿಮಾಗೂ ಹಾಕ್ಕೋತೀನಿ ಈಗ, ನಾಚಿಕೆ ಏನಿಲ್ಲ.

@ಅರೆನಿದ್ದೆ ನಿಮಗೆ ನಿಧಾನನೂ ಇರಬೇಕು, ಏನಾದ್ರೂ ಆಗ್ತಾನೂ ಇರಬೇಕು ಅಂದ್ರೆ ಕಿಷ್ಕಿಂಧಾ ಕಾಂಡಂ ನೋಡಿ. ಮಲಯಾಳಂ, 2024. ಕಾಡಂಚಿನಲ್ಲಿ ಒಂದು ಮನೆ, ಮಿಲಿಟ್ರಿಯಿಂದ ರಿಟೈರ್ ಆದ ಅಪ್ಪ, ಮಗ, ಹೊಸದಾಗಿ ಮದುವೆಯಾಗಿ ಬಂದ ಸೊಸೆ. ಎಲೆಕ್ಷನ್ ಬಂತು ಅಂತ ಲೈಸೆನ್ಸ್ ಇರೋ ಗನ್ ಎಲ್ಲ ಸ್ಟೇಷನ್ನಿಗೆ ಕೊಡಬೇಕು, ಇವರ ಗನ್ ಕಾಣ್ತಿಲ್ಲ. ಅಷ್ಟೇ ಶುರು. ಆ ಅಪ್ಪನಿಗೆ ಏನೋ ಮರೆವು, ಆದ್ರೆ ಅದನ್ನ ಯಾರಿಗೂ ಬಿಟ್ಟುಕೊಡಲ್ಲ, ಒಬ್ಬರೇ ಏನೇನೋ ಹುಡುಕ್ತಾರೆ, ಏನೋ ಕಾಗದ ಸುಡ್ತಾರೆ. ವಿಜಯರಾಘವನ್ ಅಂತ ಆ ಆಕ್ಟರು, ಮುಖದಲ್ಲಿ ಗತ್ತು ಇದೆ, ಗತ್ತಿನ ಹಿಂದೆ ಗಾಬರಿನೂ ಇದೆ, ಎರಡೂ ಒಂದೇ ಫ್ರೇಮಲ್ಲಿ ಕಾಣುತ್ತೆ. ನಾವು ಸೊಸೆ ಜೊತೆ ಸೇರ್ಕೊಂಡು ಮನೆಯೊಳಗೇ ಪತ್ತೇದಾರಿಕೆ ಮಾಡ್ತೀವಿ. ಮೊದಲ ಮುಕ್ಕಾಲು ಗಂಟೆ ನಿಮಗೆ ಸ್ವಲ್ಪ ಎಳೆದಂಗೆ ಅನ್ನಿಸಬಹುದು, ಆಮೇಲೆ ಒಂದು ವಿಷಯ ಗೊತ್ತಾಗುತ್ತೆ, ಆಗ ಹಿಂದಿನ ಪ್ರತಿ ಸೀನೂ ಬೇರೆ ಅರ್ಥ ಕೊಡೋಕೆ ಶುರು. ಬಿಟ್ಟಿ ಸೀನ್ ಒಂದೂ ಇಲ್ಲ.

ಗಾಂಧಿಕ್ಲಾಸ್:

ಇದಕ್ಕೆ ನನ್ನ ಓಟೂ ಇದೆ. ಇಂಥದ್ದಕ್ಕೆ ನಾನು ಕೂರಲ್ಲ ಅಂತಿದ್ದೆ, ಹೆಂಡತಿ ಹಾಕಿದ್ಲು, ಸುಮ್ನೆ ಅಡ್ಡ ಬಿದ್ಕೊಂಡು ನೋಡೋಕೆ ಶುರು ಮಾಡಿದೋನು ಎದ್ದು ನೆಟ್ಟಗೆ ಕೂತೆ. ಆಸಿಫ್ ಅಲಿ ಆ ಮಗನ ಪಾರ್ಟಲ್ಲಿ ಎಷ್ಟು ಸುಸ್ತಾಗಿ ಕಾಣ್ತಾನೆ ಅಂದ್ರೆ, ಯಾಕೆ ಅಂತ ಗೊತ್ತಾದಾಗ ಹೊಟ್ಟೆ ಚುರ್ ಅನ್ನುತ್ತೆ. ಫೈಟ್ ಒಂದಿದ್ದಿದ್ರೆ ಇನ್ನೂ ಚೆನ್ನಾಗಿರ್ತಿತ್ತು 😂

ಅರೆನಿದ್ದೆ:

ಆಯ್ತು, ಶನಿವಾರ ರಾತ್ರಿ ಇದನ್ನೇ ಹಾಕ್ತೀನಿ. ಪರ್ಫೆಕ್ಟ್ ಡೇಸ್ ಬಗ್ಗೆ ನನ್ನ ಅಭಿಪ್ರಾಯ ಮಾತ್ರ ಬದಲಾಗಿಲ್ಲ @ಮಳೆಹನಿ, ಎಳೆದಿದಾರೆ ಎಳೆದಿದಾರೇನೇ. ಕಿಷ್ಕಿಂಧಾ ಕ್ಲೈಮ್ಯಾಕ್ಸ್ ಬಗ್ಗೆ ಇಲ್ಲಿ ಯಾರೂ ಬಾಯಿ ಬಿಡಬೇಡಿ.

ಲಾಸ್ಟ್‌ರೋ:

ಹೇಳಲ್ಲ ಸಾರ್. ಕೋತಿಗಳ ಮೇಲೆ ಒಂದು ಕಣ್ಣಿರಲಿ.

ಗಾಂಧಿಕ್ಲಾಸ್:

ಲೋ @ಲಾಸ್ಟ್‌ರೋ!! ಅಷ್ಟೂ ಹೇಳಬಾರದಿತ್ತು ಕಣೋ.